ಕಡಲಕಳೆ ಬೆರೆಸಿದ ಮಾಂಸ ತಿಂದರೆ ಶುಗರ್ ಇಳಿಯುತ್ತದೆಯೇ? ಫಾರ್ವರ್ಡ್‌ನಲ್ಲಿರುವ ಆ ಮಹಿಳೆ ನಿಜಕ್ಕೂ ಕಂಡುಹಿಡಿದದ್ದೇನು?

ಮಂಗಳೂರಿನ ಉರ್ವದ ಓದುಗರೊಬ್ಬರು ತಮ್ಮ ಫ್ಯಾಮಿಲಿ ಗ್ರೂಪಿಗೆ ಬಂದ ಒಂದು ವಾಟ್ಸಾಪ್ ಸಂದೇಶವನ್ನು ನಮಗೆ ಕಳಿಸಿದ್ದರು. ಜೊತೆಗೆ ಕೇಳಿದ್ದು ಒಂದೇ ಪ್ರಶ್ನೆ: ಇದು ನಿಜವಾ?

ಸಂದೇಶದಲ್ಲಿ ಒಬ್ಬ ಬ್ರಿಟಿಷ್ ಮಹಿಳೆಯ ಕಪ್ಪು-ಬಿಳುಪು ಫೋಟೊ ಇತ್ತು. ಕೆಳಗೆ ಮೂರು ಮಾತು. ಒಂದು, ಕಡಲಕಳೆ ತಿನ್ನುವುದರಿಂದ ಜಪಾನಿನವರಿಗೆ ಸಕ್ಕರೆ ಕಾಯಿಲೆ ಬರುವುದೇ ಇಲ್ಲ. ಎರಡು, ಕೋಳಿ, ಹಂದಿ, ಸಾಸೇಜ್ ಯಾವುದೇ ಇರಲಿ, ಅದಕ್ಕೆ ಕಡಲಕಳೆ ಪುಡಿ ಬೆರೆಸಿ ತಿಂದರೆ ಶುಗರ್ ತಾನಾಗಿ ಇಳಿಯುತ್ತದೆ. ಮೂರು, ಇದನ್ನು ಕಂಡುಹಿಡಿದ ಈ ಮಹಿಳೆಗೆ ಜಪಾನಿನವರು ಗುಡಿ ಕಟ್ಟಿ ದೇವತೆಯೆಂದು ಪೂಜಿಸುತ್ತಾರೆ.

ನಾವು ಇದನ್ನು ನಕ್ಕು ಬಿಡಬಹುದಿತ್ತು. ಆದರೆ ಆ ಮನೆಯ ಹಿರಿಯರೊಬ್ಬರು ಹಲವು ವರ್ಷಗಳಿಂದ ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಸಂದೇಶ ಓದಿದ ಮೇಲೆ ಅವರು ಆನ್‌ಲೈನ್‌ನಲ್ಲಿ ಕಡಲಕಳೆ ಪುಡಿಯ ಬೆಲೆ ನೋಡಿದ್ದಾರೆ. ಭಾನುವಾರದ ಪದಾರ್ಥಕ್ಕೆ ಅದನ್ನು ಹಾಕಿದರೆ ಮಾತ್ರೆ ಬಿಡಬಹುದೇ ಎಂದು ಮಗಳನ್ನು ಕೇಳಿದ್ದಾರೆ. ಹಾಗಾಗಿ ಇದನ್ನು ಪೂರ್ತಿಯಾಗಿ ಪರಿಶೀಲಿಸಿದೆವು.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇವೆ: ಮಾತ್ರೆ ಬಿಡಬೇಡಿ. ಮೂರೂ ಮಾತುಗಳಲ್ಲಿ ಸತ್ಯದ ಒಂದೊಂದು ಚೂರು ಇದೆ, ಉಳಿದದ್ದು ತಪ್ಪು. ಫೋಟೊದಲ್ಲಿರುವವರು ಕ್ಯಾಥ್ಲೀನ್ ಮೇರಿ ಡ್ರೂ ಬೇಕರ್ ಎಂಬ ನಿಜವಾದ ವಿಜ್ಞಾನಿ. ಆದರೆ ಅವರು ಹೆಸರಾದದ್ದು ಶುಗರ್‌ ಸಂಶೋಧನೆಯಿಂದಲ್ಲ. ಅವರು ಬಿಡಿಸಿದ ಒಗಟೇ ಬೇರೆ, ಮತ್ತು ಅದು ಈ ಫಾರ್ವರ್ಡ್‌ಗಿಂತ ಎಷ್ಟೋ ಸ್ವಾರಸ್ಯವಾಗಿದೆ.

ಯಾರು ಈ ಕ್ಯಾಥ್ಲೀನ್?

ಕ್ಯಾಥ್ಲೀನ್ ಹುಟ್ಟಿದ್ದು 1901ರ ನವೆಂಬರ್ 6ರಂದು, ಇಂಗ್ಲೆಂಡಿನ ಲಂಕಾಷೈರ್ ಪ್ರಾಂತ್ಯದ ಲೀ ಎಂಬ ಊರಿನಲ್ಲಿ. ಶಾಲೆಗೆ ಹೋದದ್ದು ದಕ್ಷಿಣದ ಸಾಲಿಸ್ಬರಿಯಲ್ಲಿ. ವಿದ್ಯಾರ್ಥಿವೇತನ ಗೆದ್ದು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರಕ್ಕೆ ಸೇರಿದರು. 1922ರಲ್ಲಿ ಪ್ರಥಮ ದರ್ಜೆಯಲ್ಲಿ ಪದವಿ, ಮರುವರ್ಷವೇ ಎಂ.ಎಸ್ಸಿ. ಆ ಕಾಲಕ್ಕೆ ಹೆಣ್ಣುಮಕ್ಕಳು ವಿಜ್ಞಾನದಲ್ಲಿ ಇಂಥ ದರ್ಜೆ ಪಡೆಯುವುದು ಅಪರೂಪ.

ಅದೇ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. 1925ರಲ್ಲಿ ಫೆಲೋಶಿಪ್ ಸಿಕ್ಕಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಬರ್ಕ್ಲಿಯಲ್ಲಿ ಎರಡು ವರ್ಷ ಇದ್ದು, ಮಾದರಿ ಸಂಗ್ರಹಿಸಲು ಹವಾಯಿ ದ್ವೀಪಗಳಿಗೂ ಹೋಗಿ ಬಂದರು. ಅವರ ಆಸಕ್ತಿ ಕೆಂಪು ಕಡಲಕಳೆಗಳಲ್ಲಿ.

ಇಲ್ಲಿ ಒಂದು ಸಣ್ಣ ವಿವರಣೆ. ಕಡಲಕಳೆ ಅಂದರೆ ಸಮುದ್ರದಲ್ಲಿ ಬೆಳೆಯುವ ದೊಡ್ಡ ಪಾಚಿ. ಸುರತ್ಕಲ್ ಅಥವಾ ಸೋಮೇಶ್ವರದ ಬಂಡೆಗಳ ಮೇಲೆ ಕಾಲಿಟ್ಟರೆ ಜಾರುವ ಹಸಿರು ಪಾಚಿ ನೋಡಿದ್ದೀರಲ್ಲ, ಅದರ ಬಳಗವೇ. ಬಣ್ಣದ ಮೇಲೆ ಇವನ್ನು ಹಸಿರು, ಕಂದು, ಕೆಂಪು ಎಂದು ಮೂರು ಗುಂಪು ಮಾಡುತ್ತಾರೆ. ಈ ಮೂರೂ ಬೇರೆ ಬೇರೆ, ಒಳಗಿನ ಪದಾರ್ಥವೂ ಬೇರೆ ಬೇರೆ. ಇದನ್ನು ನೆನಪಿಟ್ಟುಕೊಳ್ಳಿ, ಶುಗರ್ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ನಾವು ಕಡಲಕಳೆ ತಿಂದೇ ಇಲ್ಲ ಅಂದುಕೊಳ್ಳಬೇಡಿ. ರಂಜಾನ್ ಸಮಯದಲ್ಲಿ ಕರಾವಳಿಯ ಮನೆಗಳಲ್ಲಿ ಮಾಡುವ ಚೈನಾಗ್ರಾಸ್ ಪುಡ್ಡಿಂಗ್ ಇದೆಯಲ್ಲ, ಆ ಚೈನಾಗ್ರಾಸ್ ಕೆಂಪು ಕಡಲಕಳೆಯಿಂದ ತೆಗೆದದ್ದು.

ಮದುವೆಯಾಯಿತು, ಕೆಲಸ ಹೋಯಿತು

1928ರಲ್ಲಿ ಕ್ಯಾಥ್ಲೀನ್ ಹೆನ್ರಿ ರೈಟ್ ಬೇಕರ್ ಅವರನ್ನು ಮದುವೆಯಾದರು. ಹೆನ್ರಿ ಮ್ಯಾಂಚೆಸ್ಟರಿನಲ್ಲೇ ಎಂಜಿನಿಯರಿಂಗ್ ಅಧ್ಯಾಪಕರು. ಮುಂದೆ 1950ರ ದಶಕದಲ್ಲಿ, ಮೃತ ಸಮುದ್ರದ ಬಳಿಯ ಗುಹೆಯಲ್ಲಿ ಸಿಕ್ಕ ಎರಡು ಸಾವಿರ ವರ್ಷ ಹಳೆಯ ತಾಮ್ರದ ಸುರುಳಿಯನ್ನು ಅಕ್ಷರ ಹಾಳಾಗದಂತೆ ಕತ್ತರಿಸಿ ಬಿಡಿಸಿದವರು ಇವರೇ.

ಮದುವೆ ಹೆನ್ರಿಯ ಕೆಲಸಕ್ಕೆ ತೊಂದರೆ ಮಾಡಲಿಲ್ಲ. ಕ್ಯಾಥ್ಲೀನ್ ಅವರ ಕೆಲಸ ಮಾತ್ರ ಹೋಯಿತು. ವಿವಾಹಿತ ಮಹಿಳೆಯರನ್ನು ನೌಕರಿಯಲ್ಲಿ ಇಟ್ಟುಕೊಳ್ಳಬಾರದು ಎಂಬುದು ಆಗಿನ ವಿಶ್ವವಿದ್ಯಾಲಯದ ನಿಯಮ. ಉಪನ್ಯಾಸಕಿ ಹುದ್ದೆ ಕಳೆದುಕೊಂಡ ಅವರು ಅದೇ ಸಂಸ್ಥೆಯಲ್ಲಿ ಸಂಬಳವಿಲ್ಲದ ಸಂಶೋಧಕಿಯಾಗಿ ಮುಂದುವರಿದರು.

ಇಬ್ಬರು ಮಕ್ಕಳಾದರು. ಮನೆ, ಮಕ್ಕಳು, ಪ್ರಯೋಗಾಲಯ ಮೂರನ್ನೂ ನಿಭಾಯಿಸಿದರು. 1939ರಲ್ಲಿ ಮ್ಯಾಂಚೆಸ್ಟರಿನಿಂದಲೇ ಡಾಕ್ಟರ್ ಆಫ್ ಸೈನ್ಸ್ ಪದವಿ ಬಂತು. ಬದುಕಿರುವಷ್ಟು ಕಾಲದಲ್ಲಿ ಪ್ರಕಟಿಸಿದ ಸಂಶೋಧನಾ ಲೇಖನಗಳು ನಲವತ್ತಕ್ಕೂ ಹೆಚ್ಚು. ಬಹುಪಾಲು ಕೆಂಪು ಕಡಲಕಳೆಗಳ ಬಗ್ಗೆಯೇ.

ಬೀಜ ಎಲ್ಲಿಂದ ಬರುತ್ತದೆ ಗೊತ್ತಿಲ್ಲದ ಬೆಳೆ

ಈಗ ಜಪಾನಿಗೆ ಹೋಗೋಣ. ಅನ್ನವನ್ನು ಸುತ್ತಿ ಸುಶಿ ಮಾಡುವ ಕಪ್ಪು ಹಾಳೆಯನ್ನು ರೀಲ್ಸ್‌ನಲ್ಲಾದರೂ ನೋಡಿರುತ್ತೀರಿ. ಅದರ ಹೆಸರು ನೋರಿ. ಪೊರ್ಫೈರಾ ಬಳಗದ ಕೆಂಪು ಕಡಲಕಳೆಯನ್ನು ಕೊಯ್ದು, ಹೆಚ್ಚಿ, ಹಾಳೆಯಂತೆ ಹರಡಿ ಒಣಗಿಸಿದರೆ ನೋರಿ.

ಜಪಾನಿನ ಮೀನುಗಾರರು ಇದನ್ನು ಶತಮಾನಗಳಿಂದ ಬೆಳೆಸುತ್ತಿದ್ದರು. ಬೆಳೆಸುತ್ತಿದ್ದರು ಅನ್ನುವುದಕ್ಕಿಂತ ಕಾಯುತ್ತಿದ್ದರು ಅನ್ನುವುದೇ ಸರಿ. ಮಳೆ-ಗಾಳಿಯ ಕಾಲ ಮುಗಿದ ಮೇಲೆ ಆಳವಿಲ್ಲದ ನೀರಿನಲ್ಲಿ ಬಿದಿರಿನ ಕೊಂಬೆ ನೆಡುವುದು, ಬಲೆ ಕಟ್ಟುವುದು. ಅದೃಷ್ಟವಿದ್ದರೆ ಕೊಂಬೆಗೆ ನೋರಿ ಹತ್ತುತ್ತದೆ, ಚಳಿಗಾಲದಲ್ಲಿ ಬೆಳೆಯುತ್ತದೆ. ಬೇಸಿಗೆ ಬಂತೆಂದರೆ ಮಾಯ. ಮುಂದಿನ ವರ್ಷ ಅದು ಎಲ್ಲಿಂದ ವಾಪಸ್ ಬರುತ್ತದೆ? ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ನೋರಿಗೆ ಜೂಜಿನ ಹುಲ್ಲು ಎಂಬ ಅಡ್ಡಹೆಸರೂ ಇತ್ತು.

ಎರಡನೇ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಚಂಡಮಾರುತಗಳ ಹೊಡೆತವೂ ಸೇರಿ ನೋರಿ ಬೆಳೆ ಕೈಕೊಟ್ಟಿತು. ಗದ್ದೆಯಾಗಿದ್ದರೆ ಬೇರೆ ಊರಿನಿಂದ ಬೀಜ ತಂದು ಬಿತ್ತಬಹುದಿತ್ತು. ಇಲ್ಲಿ ಬೀಜ ಯಾವುದು ಎಂಬುದೇ ತಿಳಿಯದು. ಯುದ್ಧದಲ್ಲಿ ಸೋತು ಹಸಿದಿದ್ದ ದೇಶದಲ್ಲಿ ಕರಾವಳಿಯ ಕುಟುಂಬಗಳು ಸಾಲದಲ್ಲಿ ಮುಳುಗಿದವು.

ಚಿಪ್ಪಿನೊಳಗಿನ ಗುಲಾಬಿ ಕಲೆ

ಇದೇ ಬಳಗದ ಪಾಚಿ ಬ್ರಿಟನ್ನಿನ ಬಂಡೆಗಳ ಮೇಲೂ ಬೆಳೆಯುತ್ತದೆ. ಅಲ್ಲಿ ಅದರ ಹೆಸರು ಲೇವರ್. ವೇಲ್ಸ್‌ನವರು ಅದನ್ನು ಗಂಟೆಗಟ್ಟಲೆ ಬೇಯಿಸಿ, ಓಟ್ಸ್ ಬೆರೆಸಿ, ಬೇಕನ್ ಅಂದರೆ ಉಪ್ಪು ಹಾಕಿದ ಹಂದಿ ಮಾಂಸದ ಜಿಡ್ಡಿನಲ್ಲಿ ಕಾಯಿಸಿ ತಿಂಡಿಗೆ ತಿನ್ನುತ್ತಾರೆ. ಮಾಂಸದ ಜೊತೆ ಕಡಲಕಳೆ ತಿನ್ನುವುದು ಹೊಸ ಸಂಶೋಧನೆಯೇನೂ ಅಲ್ಲ!

ಕ್ಯಾಥ್ಲೀನ್ ಈ ಲೇವರ್ ಪಾಚಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಪ್ರಯತ್ನಿಸುತ್ತಿದ್ದರು. ಪಾಚಿ ಬಿಡುವ ಕಣ್ಣಿಗೆ ಕಾಣದ ಬೀಜಕಣಗಳು ಮುಂದೆ ಏನಾಗುತ್ತವೆ ಎಂಬುದು ಅವರ ಪ್ರಶ್ನೆ. ಬೀಜಕಣಗಳಿದ್ದ ನೀರಿಗೆ ಚಿಪ್ಪುಗಳನ್ನು ಹಾಕಿ ನೋಡಿದರು. ನಮ್ಮಲ್ಲಿ ಮರುವಾಯಿ ಸುಕ್ಕ ಮಾಡಿದ ಮೇಲೆ ಎಸೆಯುತ್ತೇವಲ್ಲ, ಅಂಥ ಸುಣ್ಣದ ಚಿಪ್ಪುಗಳು. ಬೀಜಕಣಗಳು ಚಿಪ್ಪನ್ನು ಕೊರೆದು ಒಳಗೆ ಹೊಕ್ಕವು. ಅಲ್ಲಿ ನೂಲಿನಂತೆ ಹರಡಿಕೊಂಡವು. ಚಿಪ್ಪಿನ ಮೇಲೆ ಗುಲಾಬಿ ಬಣ್ಣದ ಕಲೆ ಮೂಡಿತು.

ಈ ಗುಲಾಬಿ ಕಲೆ ವಿಜ್ಞಾನಿಗಳಿಗೆ ಹೊಸದಾಗಿರಲಿಲ್ಲ. 1892ರಲ್ಲೇ ಅದಕ್ಕೆ ಕಾಂಕೋಸೆಲಿಸ್ ರೋಸಿಯಾ ಎಂದು ಹೆಸರಿಟ್ಟಾಗಿತ್ತು. ಆದರೆ ಎಲ್ಲರೂ ಅದನ್ನು ಬೇರೆಯೇ ಒಂದು ಜೀವಿ ಎಂದುಕೊಂಡಿದ್ದರು. ಬಂಡೆಯ ಮೇಲಿನ ಅಗಲ ಎಲೆ ಒಂದು, ಚಿಪ್ಪಿನೊಳಗಿನ ಗುಲಾಬಿ ನೂಲು ಇನ್ನೊಂದು. ಕ್ಯಾಥ್ಲೀನ್ ತೋರಿಸಿದ್ದು ಇಷ್ಟು: ಇವೆರಡೂ ಒಂದೇ. ಕಂಬಳಿಹುಳು ಮತ್ತು ಚಿಟ್ಟೆ ಒಂದೇ ಜೀವಿಯ ಎರಡು ಅವಸ್ಥೆಗಳಾಗಿರುವಂತೆ, ಇವೂ ಒಂದೇ ಪಾಚಿಯ ಎರಡು ಅವಸ್ಥೆಗಳು.

1949ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ದೊಡ್ಡ ಗ್ರಂಥವೇನಲ್ಲ, ಚಿಕ್ಕ ಲೇಖನ. 57 ವರ್ಷ ಎರಡು ಹೆಸರಿನಲ್ಲಿ ಬದುಕಿದ್ದ ಪಾಚಿಗೆ ಒಂದೇ ಜೀವನಕಥೆ ಸಿಕ್ಕಿತು.

ಲೇಖನದಿಂದ ಸಮುದ್ರಕ್ಕೆ

ಜಪಾನಿನ ಕ್ಯುಶು ವಿಶ್ವವಿದ್ಯಾಲಯದ ಪಾಚಿ ತಜ್ಞ ಸೊಕಿಚಿ ಸೆಗಾವಾ ಅವರಿಗೆ ಈ ಸಂಶೋಧನೆಯ ಬೆಲೆ ತಕ್ಷಣ ಗೊತ್ತಾಯಿತು. ಬ್ರಿಟನ್ನಿನ ಪಾಚಿಗೆ ನಿಜವಾದದ್ದು ಜಪಾನಿನ ಪಾಚಿಗೂ ನಿಜವೆಂದು ಹಾಗೆಯೇ ಒಪ್ಪಿಕೊಳ್ಳುವಂತಿರಲಿಲ್ಲ. ಅವರು ತಮ್ಮ ದೇಶದ ನೋರಿ ಜಾತಿಗಳ ಮೇಲೆ ಪ್ರಯೋಗ ಮಾಡಿ, ಅಲ್ಲೂ ಹೀಗೆಯೇ ಆಗುತ್ತದೆ ಎಂದು ಖಚಿತಪಡಿಸಿಕೊಂಡರು.

ಮುಂದಿನ ಕೆಲಸ ಕುಮಾಮೊಟೊ ಪ್ರಾಂತ್ಯದ ಮೀನುಗಾರಿಕಾ ಪ್ರಯೋಗ ಕೇಂದ್ರದ ಫುಸಾವೊ ಓಟಾ ಮತ್ತಿತರರದ್ದು. ತೊಟ್ಟಿಯಲ್ಲಿ ಸಿಂಪಿ ಚಿಪ್ಪುಗಳನ್ನಿಟ್ಟು ಅದರೊಳಗೆ ಗುಲಾಬಿ ನೂಲು ಬೆಳೆಸುವುದು, ಸರಿಯಾದ ಹೊತ್ತಿಗೆ ಅದು ಬಿಡುವ ಬೀಜಕಣಗಳನ್ನು ಬಲೆಗೆ ಹತ್ತಿಸುವುದು, ಆ ಬಲೆಯನ್ನು ಸಮುದ್ರದಲ್ಲಿ ಕಟ್ಟುವುದು. ಈ ವಿಧಾನವನ್ನು ಅವರು ರೂಢಿಸಿದರು. ಅದೃಷ್ಟದ ಬೆಳೆ ಬಿತ್ತುವ ಬೆಳೆಯಾಯಿತು. ಕೆಲವೇ ವರ್ಷಗಳಲ್ಲಿ ನೋರಿ ದೊಡ್ಡ ಉದ್ಯಮವಾಗಿ ಬೆಳೆಯಿತು. ಇಂದು ಮಂಗಳೂರಿನ ಸೂಪರ್ ಮಾರ್ಕೆಟ್‌ನಲ್ಲೂ ನೋರಿ ಪ್ಯಾಕೆಟ್ ಸಿಗುವುದಕ್ಕೆ ಮೂಲ ಇಲ್ಲಿದೆ.

ಕ್ಯಾಥ್ಲೀನ್ ಈ ಯಾವುದನ್ನೂ ಕಣ್ಣಾರೆ ನೋಡಲಿಲ್ಲ. ಅವರು ಒಮ್ಮೆಯೂ ಜಪಾನಿಗೆ ಹೋದವರಲ್ಲ. 1952ರಲ್ಲಿ ಗೆಳತಿಯರಾದ ವಿಜ್ಞಾನಿಗಳ ಜೊತೆ ಸೇರಿ ಬ್ರಿಟಿಷ್ ಪಾಚಿಶಾಸ್ತ್ರ ಸಂಘ ಕಟ್ಟಿದರು, ಅದರ ಮೊದಲ ಅಧ್ಯಕ್ಷೆಯೂ ಆದರು. 1957ರ ಸೆಪ್ಟೆಂಬರ್ 14ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರಿಗೆ 55 ವರ್ಷ.

ಜಪಾನಿನಲ್ಲಿ ಅವರಿಗೆ ಗುಡಿ ಇದೆಯೇ?

ಗುಡಿ ಇಲ್ಲ, ಸ್ಮಾರಕ ಇದೆ. 1963ರ ಏಪ್ರಿಲ್ 14ರಂದು ಕುಮಾಮೊಟೊ ಪ್ರಾಂತ್ಯದ ಉಟೊ ನಗರದಲ್ಲಿ, ಅರಿಯಾಕೆ ಸಮುದ್ರ ಕಾಣುವ ಜಾಗದಲ್ಲಿ ಅದನ್ನು ನಿಲ್ಲಿಸಲಾಯಿತು. ಅದಿರುವುದು ಸುಮಿಯೋಶಿ ಎಂಬ ಶಿಂಟೊ ದೇಗುಲದ ಪಕ್ಕದ ಉದ್ಯಾನದಲ್ಲಿ. ಗುಡಿಯ ಕಥೆ ಹುಟ್ಟಿದ್ದು ಬಹುಶಃ ಇಲ್ಲಿಂದಲೇ. ಪ್ರತಿ ವರ್ಷ ಏಪ್ರಿಲ್ 14ರಂದು ನೋರಿ ಬೆಳೆಗಾರರು ಅಲ್ಲಿ ಸೇರಿ ಅವರನ್ನು ನೆನೆಯುತ್ತಾರೆ. ಸಮುದ್ರದ ತಾಯಿ ಎಂಬ ಬಿರುದೂ ಅವರಿಗಿದೆ. ತಮ್ಮ ಅನ್ನ ಉಳಿಸಿದವರಿಗೆ ಸಲ್ಲಿಸುವ ಕೃತಜ್ಞತೆ ಅದು.

ಉರ್ವದ ಮಾರಿಗುಡಿ, ಬೋಳೂರು, ತಣ್ಣೀರುಬಾವಿ ಆಸುಪಾಸಿನ ಓದುಗರಿಗೆ ಇದು ಅರ್ಥವಾಗದ ಸಂಗತಿಯಲ್ಲ. ಕಡಲನ್ನು ನಂಬಿ ಬದುಕುವವರಿಗೆ ಕಡಲು ಕೈಬಿಟ್ಟ ವರ್ಷ ಹೇಗಿರುತ್ತದೆ ಎಂಬುದು ಗೊತ್ತು.

ಹಾಗಾದರೆ ಶುಗರ್ ವಿಷಯ?

ಜಪಾನಿನವರಿಗೆ ಸಕ್ಕರೆ ಕಾಯಿಲೆ ಬರುವುದಿಲ್ಲ ಎಂಬುದು ಶುದ್ಧ ಸುಳ್ಳು. 2016ರ ಜಪಾನ್ ಸರ್ಕಾರದ ಆರೋಗ್ಯ ಸಮೀಕ್ಷೆಯ ಅಂದಾಜಿನಂತೆ ಅಲ್ಲಿ ಸುಮಾರು 1 ಕೋಟಿ ಜನರಿಗೆ ಮಧುಮೇಹ ಇರುವ ಬಲವಾದ ಸಾಧ್ಯತೆ ಇದೆ. ಕಡಲಕಳೆ ತಿನ್ನುವ ದೇಶದಲ್ಲೇ ಇಷ್ಟು.

ಎರಡನೇ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಕಂದು ಕಡಲಕಳೆಗಳಲ್ಲಿ ಆಲ್ಜಿನೇಟ್ ಎಂಬ ನಾರಿನಂಶ ಇದೆ. ಅದು ಹೊಟ್ಟೆಯಲ್ಲಿ ಲೋಳೆಯಂತಾಗಿ ಆಹಾರ ನಿಧಾನವಾಗಿ ಮುಂದೆ ಸಾಗುವಂತೆ ಮಾಡುತ್ತದೆ. ಹಾಗಾಗಿ ಸಕ್ಕರೆ ರಕ್ತಕ್ಕೆ ಒಮ್ಮೆಲೇ ನುಗ್ಗುವುದಿಲ್ಲ. ಇವುಗಳಲ್ಲಿರುವ ಕೆಲವು ಪಾಲಿಫೀನಾಲ್‌ಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳನ್ನು ಗಾಜಿನ ನಳಿಕೆಯಲ್ಲಿ ತಡೆಯುತ್ತವೆ. ಅಕಾರ್ಬೋಸ್ ಎಂಬ ಶುಗರ್ ಮಾತ್ರೆ ಕೆಲಸ ಮಾಡುವುದೂ ಇಂಥ ಕಿಣ್ವಗಳ ಮೇಲೆಯೇ.

ಆದರೆ ಗಾಜಿನ ನಳಿಕೆ ಒಂದು, ಮನುಷ್ಯನ ಹೊಟ್ಟೆ ಇನ್ನೊಂದು. ಮನುಷ್ಯರ ಮೇಲೆ ನಡೆದ ಪ್ರಯೋಗಗಳು ಇವೆ, ಹೆಚ್ಚಿನವು ಸಣ್ಣವು. ಕೆಲವದರಲ್ಲಿ ಊಟದ ನಂತರದ ಸಕ್ಕರೆ ಸ್ವಲ್ಪ ಕಡಿಮೆ ಏರಿತು, ಕೆಲವದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಾತ್ರೆಗೆ ಬದಲಿ ಎಂದು ಹೇಳುವ ಮಟ್ಟಕ್ಕೆ ಇದು ಬಂದಿಲ್ಲ.

ಇನ್ನೊಂದು ಗಮನಿಸಿ. ಈ ಸಂಶೋಧನೆಯ ಹೆಚ್ಚಿನ ಪಾಲು ಕಂದು ಕಡಲಕಳೆಯ ಮೇಲೆ. ಕ್ಯಾಥ್ಲೀನ್ ಅಧ್ಯಯನ ಮಾಡಿದ್ದು ಮತ್ತು ಸುಶಿಗೆ ಸುತ್ತುವುದು ಕೆಂಪು ಕಡಲಕಳೆ. ಅದರಲ್ಲಿ ಆಲ್ಜಿನೇಟ್ ಇರುವುದಿಲ್ಲ. ಫಾರ್ವರ್ಡ್ ಮಾಡಿದವರು ಎರಡು ಬೇರೆ ಬೇರೆ ಪಾಚಿಗಳನ್ನು ಒಂದು ಮಾಡಿದ್ದಾರೆ, ಪುರಾವೆಯಿಲ್ಲದೆ.

ಮಾಂಸಕ್ಕೆ ಬೆರೆಸಿದರೆ?

ಮಾಂಸಕ್ಕೆ ಕಡಲಕಳೆ ಬೆರೆಸುವ ಸಂಶೋಧನೆ ನಿಜವಾಗಿಯೂ ನಡೆದಿದೆ. ಸ್ಪೇನಿನ ಮ್ಯಾಡ್ರಿಡ್‌ನ ವಿಜ್ಞಾನಿಗಳು ವರ್ಷಗಟ್ಟಲೆ ಇದನ್ನೇ ಮಾಡಿದ್ದಾರೆ. ಹಂದಿ ಮಾಂಸದ ಉತ್ಪನ್ನಗಳಿಗೆ ಕಡಲಕಳೆ ಸೇರಿಸಿ, ಇಲಿಗಳಿಗೆ ತಿನ್ನಿಸಿ ಕೊಲೆಸ್ಟ್ರಾಲ್, ಸಕ್ಕರೆ ಮುಂತಾದವನ್ನು ಅಳೆದಿದ್ದಾರೆ. ಕೆಲವು ಒಳ್ಳೆಯ ಸೂಚನೆಗಳೂ ಸಿಕ್ಕಿವೆ. ಆದರೆ ಇಲಿಗಳಲ್ಲಿ.

ಆಹಾರ ತಯಾರಕರಿಗೆ ಇದರಲ್ಲಿ ಆಸಕ್ತಿ ಇರುವುದಕ್ಕೆ ಬೇರೆ ಕಾರಣಗಳೂ ಇವೆ. ಕಡಲಕಳೆ ನೀರನ್ನು ಹಿಡಿದಿಡುತ್ತದೆ, ಉಪ್ಪು ಮತ್ತು ಕೊಬ್ಬನ್ನು ಕಡಿಮೆ ಮಾಡಲು ಸಹಾಯ ಮಾಡುತ್ತದೆ, ಮಾಂಸದಲ್ಲಿ ಇಲ್ಲದ ನಾರಿನಂಶ ಸೇರಿಸುತ್ತದೆ.

ಲೆಕ್ಕ ಹಾಕಿ ನೋಡೋಣ. ಇಂಥ ಉತ್ಪನ್ನಗಳಲ್ಲಿ ನೂರಕ್ಕೆ ಐದು ಭಾಗದಷ್ಟು ಒಣ ಕಡಲಕಳೆ ಇದೆ ಎಂದಿಟ್ಟುಕೊಳ್ಳಿ. ಹೆಚ್ಚು ಹಾಕಿದರೆ ರುಚಿ, ವಾಸನೆ ಬದಲಾಗುತ್ತದೆ. 100 ಗ್ರಾಂ ಸಾಸೇಜ್ ತಿಂದರೆ ಹೊಟ್ಟೆಗೆ ಹೋಗುವ ಕಡಲಕಳೆ 5 ಗ್ರಾಂ. ಅದರಲ್ಲಿ ನಾರು ಎರಡು ಗ್ರಾಂ ಆಸುಪಾಸು. ನಮಗೆ ದಿನಕ್ಕೆ ಬೇಕಾದ ನಾರು ಸುಮಾರು 30 ಗ್ರಾಂ. ಅಷ್ಟು ನಾರು ಒಂದು ಹಿಡಿ ಬೇಯಿಸಿದ ಕಡಲೆಯಲ್ಲೂ ಸಿಗುತ್ತದೆ.

ಇನ್ನೊಂದು ಮುಖ್ಯ ಮಾತು. ಬರೀ ಮಾಂಸದಲ್ಲಿ ಪಿಷ್ಟ, ಸಕ್ಕರೆ ಇಲ್ಲವೆಂದೇ ಹೇಳಬೇಕು. ಕೋಳಿ ಸುಕ್ಕ ತಿಂದಾಗ ಶುಗರ್ ಏರಿಸುವುದು ಹೆಚ್ಚಾಗಿ ಕೋಳಿಯಲ್ಲ, ಜೊತೆಗಿರುವ ಅನ್ನ, ರೊಟ್ಟಿ, ನೀರುದೋಸೆ. ಸಾಸೇಜ್‌ನಂಥ ಸಂಸ್ಕರಿತ ಮಾಂಸವನ್ನು ಹೆಚ್ಚು ತಿನ್ನುವವರಲ್ಲಿ ಟೈಪ್ 2 ಮಧುಮೇಹ ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳುತ್ತವೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಕಡಲಕಳೆ ಇದೆಯೆಂದು ಸಾಸೇಜ್ ಜಾಸ್ತಿ ತಿಂದರೆ ನಷ್ಟವೇ ಹೆಚ್ಚು.

ನಮ್ಮ ದೇಶದಲ್ಲೂ ಈ ಬಗ್ಗೆ ಕೆಲಸ ನಡೆದಿದೆ. ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ, ಮಂಗಳೂರಿನ ಹೊಯ್ಗೆಬಜಾರಿನಲ್ಲೂ ಕೇಂದ್ರ ಹೊಂದಿರುವ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಕಡಲಕಳೆಯ ಸಾರದಿಂದ ಮಧುಮೇಹಿಗಳಿಗಾಗಿ ಕ್ಯಾಪ್ಸೂಲ್ ರೂಪಿಸಿದೆ. ಅದು ಆಯ್ದ ಅಂಶಗಳನ್ನು ಬೇರ್ಪಡಿಸಿ ಮಾಡಿದ್ದು. ಪುಡಿ ತಂದು ಪದಾರ್ಥಕ್ಕೆ ಹಾಕುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ಕ್ಯಾಪ್ಸೂಲ್ ಬೇಕೆನಿಸಿದರೂ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಪುಡಿ ಕೊಳ್ಳುವ ಮೊದಲು ಗೊತ್ತಿರಲಿ

ಥೈರಾಯ್ಡ್ ತೊಂದರೆ ಇರುವವರು ಎಚ್ಚರ. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ನೋರಿಯಲ್ಲಿ ಅಯೋಡಿನ್ ಕಡಿಮೆ. ಆದರೆ ಕೊಂಬು, ಕೆಲ್ಪ್ ಎಂಬ ಕಂದು ಜಾತಿಗಳ ಒಂದೇ ಗ್ರಾಂ ಪುಡಿಯಲ್ಲಿ ಸಾವಿರ ಮೈಕ್ರೋಗ್ರಾಂಗೂ ಹೆಚ್ಚು ಇರಬಹುದು. ನಾವು ಬಳಸುವ ಉಪ್ಪಿನಲ್ಲಿ ಈಗಾಗಲೇ ಅಯೋಡಿನ್ ಇದೆ.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಕಡಲಕಳೆ ಶುರು ಮಾಡಬಾರದು. ಅದರಲ್ಲಿರುವ ವಿಟಮಿನ್ ಕೆ ಔಷಧದ ಕೆಲಸಕ್ಕೆ ಅಡ್ಡಿಯಾಗಬಹುದು.

ಹಿಜಿಕಿ ಎಂಬ ಜಾತಿಯಲ್ಲಿ ವಿಷಕಾರಿ ಆರ್ಸೆನಿಕ್ ಹೆಚ್ಚು. ಅದನ್ನು ತಿನ್ನಬೇಡಿ ಎಂದು ಬ್ರಿಟನ್ನಿನ ಆಹಾರ ಸುರಕ್ಷತಾ ಸಂಸ್ಥೆ ಜನರಿಗೆ ಹೇಳಿದೆ. ಜಾತಿಯ ಹೆಸರಿಲ್ಲದ, ಬರೀ ಕಡಲಕಳೆ ಪುಡಿ ಎಂದು ಬರೆದ ಪ್ಯಾಕೆಟ್ ಕೊಳ್ಳಬೇಡಿ.

ಎಲ್ಲಕ್ಕಿಂತ ಮುಖ್ಯ, ಮಾತ್ರೆ ಅಥವಾ ಇನ್ಸುಲಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದಂತೆ ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹ ಇದೆ. ಇಂಥ ಒಂದು ಫಾರ್ವರ್ಡ್ ನಂಬಿ ನೂರರಲ್ಲಿ ಒಬ್ಬರು ಮಾತ್ರೆ ಬಿಟ್ಟರೂ ಅದು 10 ಲಕ್ಷ ಜನ. ಕಣ್ಣು, ಕಿಡ್ನಿ, ಕಾಲು ಹಾಳಾಗುವಾಗ ನೋವು ಮೊದಲೇ ಗೊತ್ತಾಗುವುದಿಲ್ಲ.

ಕೊನೆಗೆ ಏನು ಹೇಳುವುದು?

ನೋರಿ ರುಚಿಯೆನಿಸಿದರೆ ತಿನ್ನಿ. ಚೈನಾಗ್ರಾಸ್ ಪುಡ್ಡಿಂಗ್‌ಗೆ ಸಕ್ಕರೆ ಕಡಿಮೆ ಹಾಕಿ ತಿನ್ನಿ. ಇವು ಆಹಾರ, ಔಷಧವಲ್ಲ.

ಕ್ಯಾಥ್ಲೀನ್ ಅವರ ಬದುಕಿನಿಂದ ನಾವು ಕಲಿತದ್ದು ಇದು. ಚಿಪ್ಪಿನ ಮೇಲಿನ ಕಲೆಗೂ ಬಂಡೆಯ ಮೇಲಿನ ಪಾಚಿಗೂ ಸಂಬಂಧವಿದೆ ಎಂದು ಹೇಳುವ ಮೊದಲು ಅವರು ಅದನ್ನು ಬೆಳೆಸಿ ನೋಡಿದರು. ಅವರು ಹೇಳಿದ್ದನ್ನು ಬಳಸುವ ಮೊದಲು ಜಪಾನಿನವರು ತಮ್ಮ ಪಾಚಿಯಲ್ಲಿ ಮತ್ತೆ ಪರೀಕ್ಷಿಸಿದರು. ಆಮೇಲಷ್ಟೇ ಬಲೆ ಸಮುದ್ರಕ್ಕಿಳಿಯಿತು. ಶುಗರ್ ವಿಷಯದಲ್ಲಿ ಕಡಲಕಳೆ ಇನ್ನೂ ದಾರಿಯ ನಡುವೆ ಇದೆ. ಫಾರ್ವರ್ಡ್ ಮಾತ್ರ ಆಗಲೇ ಊಟದ ತಟ್ಟೆಗೆ ಬಂದು ಕುಳಿತಿದೆ.

ಉರ್ವದ ಆ ಹಿರಿಯರು ಮಾತ್ರೆ ಮುಂದುವರಿಸಿದ್ದಾರೆ ಎಂದು ಮಗಳು ತಿಳಿಸಿದ್ದಾರೆ. ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಆ ಫಾರ್ವರ್ಡ್ ಅನ್ನೂ ತೋರಿಸುತ್ತಾರಂತೆ. ನಿಮ್ಮ ಗ್ರೂಪಿಗೂ ಅದು ಬಂದಿದ್ದರೆ, ಅದರ ಕೆಳಗೇ ಇದನ್ನು ಕಳಿಸಿ.